ಡಾಕ್ಟರ್ ತಲೆ ಆಡಿಸಿದರು

"ನಿನ್ನ ಕಣ್ಣು ಭಾರ ಆಗ್ತಾ ಇವೆ... ರೆಪ್ಪೆ ಮುಚ್ಚಿಕೊಳ್ತಾ ಇವೆ... ಈಗ ನೀನೊಂದು ಕೋಳಿ. ಕೂಗು!"

ಕಾಮೆನ್ ಬೂಟಿನ ಲೇಸಿಗೆ ಮನೆಯ ಬೀಗದ ಕೈ ಕಟ್ಟಿ ತಂಗಿಯ ಮೂಗಿನ ಮುಂದೆ ತೂಗಾಡಿಸುತ್ತಿದ್ದ.

"ಕೂಗಲ್ಲ, ಹೋಗೋ," ಎಂದಳು ಬಿಲ್ಯಾನಾ. ಮೊಸರಿನ ಬಟ್ಟಲನ್ನು ಮುಟ್ಟದೆ ಹಾಗೇ ಪಕ್ಕಕ್ಕೆ ಸರಿಸಿದಳು.

"ನಾನು ಹೇಳಿದ್ರೆ ಕೂಗಲ್ಲ, ಬಿಡು. ಇವತ್ತು ಡಾಕ್ಟರ್ ಹಿಪ್ನಾಟೈಸ್ ಮಾಡ್ತಾರಲ್ಲ, ಆಗ ನೋಡೋಣ. ಟೀವೀಲಿ ನೋಡಿದೀನಿ. ಅವರು ಏನು ಹೇಳಿದ್ರೂ ಮಾಡ್ಲೇಬೇಕು."

"ಸುಳ್ಳು."

"ಸುಳ್ಳಾ? ಬೇಕಾದ್ದನ್ನ ಅಳಿಸಿಯೇ ಹಾಕ್ತಾರೆ ಕಣೇ, ಬೋರ್ಡ್ ಒರೆಸಿದ ಹಾಗೆ. ಅಮ್ಮ ಫೋನಲ್ಲಿ ಹೇಳ್ತಿದ್ಲು, 'ಅಜ್ಜಿ ವಿಷಯ ಅವಳ ತಲೆಯಿಂದ ಸ್ವಲ್ಪ ಇಳೀಬೇಕು' ಅಂತ. ಮತ್ಯಾಕೆ ನಿನ್ನ ಕರ್ಕೊಂಡು ಹೋಗ್ತಿದಾಳೆ ಅಂದ್ಕೊಂಡೆ?"

ಬಿಲ್ಯಾನಾಳ ಹೊಟ್ಟೆಯೊಳಗೆ ಯಾರೋ ಒದ್ದೆ ಬಟ್ಟೆ ಹಿಂಡಿದಂತಾಯಿತು.

ಚಳಿಗಾಲದ ಕೊನೆಗೆ ದೇವರು ಅಜ್ಜಿಯನ್ನು ಕರೆದುಕೊಂಡಿದ್ದ. ನಲವತ್ತನೆಯ ದಿನದ ಪ್ರಾರ್ಥನೆಯೂ ಮುಗಿದಿತ್ತು. ಬೇಯಿಸಿದ ಗೋಧಿಗೆ ಸಕ್ಕರೆ ಬೆರೆಸಿ ನೆರೆಹೊರೆಗೆ ಹಂಚಿದ್ದೂ ಆಗಿತ್ತು. ಅಂದಿನಿಂದ ಶಾಲೆಗೆ ಹೊರಡುವ ಹೊತ್ತಿಗೆ ಬಿಲ್ಯಾನಾಳಿಗೆ ಹೊಟ್ಟೆನೋವು. ರಕ್ತ ಪರೀಕ್ಷೆ ಮಾಡಿದರು, ಸ್ಕ್ಯಾನ್ ಮಾಡಿದರು. ಏನೂ ಸಿಗಲಿಲ್ಲ.

ಅವಳು ಯಾರಿಗೂ ಹೇಳದ ಸಂಗತಿ ಒಂದಿತ್ತು. ಅಜ್ಜಿಯನ್ನು ನೆನೆದರೆ ಆಸ್ಪತ್ರೆಯ ದಿಂಬಿನ ಮೇಲಿನ ಬಿಳಿಚಿದ ಮುಖ ಒಂದೇ ಕಣ್ಣಿಗೆ ಬರುತ್ತಿತ್ತು. ಬೇರೆ ಯಾವ ಮುಖವೂ ಬರುತ್ತಿರಲಿಲ್ಲ. ಅದನ್ನು ಕಂಡರೆ ಭಯ. ಆದರೂ ಅದು ಅಜ್ಜಿಯ ಮುಖವೇ. ಅದನ್ನೂ ಅಳಿಸಿಬಿಟ್ಟರೆ ಅಜ್ಜಿಯದು ಅಂತ ಉಳಿಯುವುದೇನು?

ರೂಸೆ ಪಟ್ಟಣದ ಆ ಕ್ಲಿನಿಕ್ಕು ನದಿಯ ಕಡೆಗಿನ ಬೀದಿಯಲ್ಲಿತ್ತು. ಅಮ್ಮ ಕೌಂಟರಿನಲ್ಲಿ ಹೆಸರು ಬರೆಸಲು ನಿಂತಳು. ಡಾಕ್ಟರ್ ಸ್ತೊಯ್ಮೆನೊವಾ ಅವರ ಕೋಣೆಯ ಬಾಗಿಲು ತೆರೆದೇ ಇತ್ತು. ಅವರು ಬೆಳ್ಳಿಗೂದಲಿನ ಹೆಂಗಸು. ಬಹಳ ವರ್ಷ ವಿಯೆನ್ನಾದಲ್ಲಿದ್ದು ಈಗಷ್ಟೇ ಊರಿಗೆ ಮರಳಿದ್ದರು. ಫೋನು ಹಿಡಿದು ಯಾರದೋ ಮಾತಿಗೆ ಕಿವಿಗೊಟ್ಟಿದ್ದರು.

ಬಿಲ್ಯಾನಾ ಧೈರ್ಯ ತಂದುಕೊಂಡು ಹೊಸ್ತಿಲಲ್ಲಿ ನಿಂತು ಕೇಳಿಯೇಬಿಟ್ಟಳು. "ಡಾಕ್ಟರ್, ನೀವು ನಮ್ಮಜ್ಜೀನ ನನ್ನ ತಲೆಯಿಂದ ಅಳಿಸಿಹಾಕ್ತೀರಾ?"

ಡಾಕ್ಟರ್ ಮುಗುಳ್ನಕ್ಕು ತಲೆಯನ್ನು ಎಡಕ್ಕೂ ಬಲಕ್ಕೂ ಆಡಿಸಿದರು.

ನಮ್ಮ ಬಲ್ಗೇರಿಯಾದಲ್ಲಿ ತಲೆಯನ್ನು ಹಾಗೆ ಅತ್ತಿತ್ತ ಆಡಿಸಿದರೆ 'ಹೌದು' ಎಂದರ್ಥ. 'ಇಲ್ಲ' ಎನ್ನಲು ಗದ್ದ ಮೇಲೆತ್ತುತ್ತೇವೆ. ಹಾಲುಹಲ್ಲಿನ ಮಗುವಿಗೂ ಇದು ಗೊತ್ತು.

ಬಿಲ್ಯಾನಾ ಓಡಿದಳು.

ಅಮ್ಮನಿಗೆ ಅವಳು ಸಿಕ್ಕಿದ್ದು ಕ್ಲಿನಿಕ್ಕಿನ ಹಿತ್ತಲಿನಲ್ಲಿ, ಸೈಕಲ್ ನಿಲ್ಲಿಸುವ ಮಾಡಿನ ಹಿಂದೆ.

"ಏನಾಯ್ತೇ? ಯಾರೇನಂದ್ರು?"

"ನಾನು ಬರಲ್ಲ! ಅವರೇ ಒಪ್ಕೊಂಡ್ರು! ಅಜ್ಜೀನ ಅಳಿಸಿಹಾಕ್ತೀರಾ ಅಂದೆ, ಹೌದು ಅಂತ ತಲೆ ಆಡಿಸಿದ್ರು. ನಗ್ತಾ ಬೇರೆ ಆಡಿಸಿದ್ರು! ನೀನೂ ಫೋನಲ್ಲಿ ಅದನ್ನೇ ಹೇಳಿದ್ಯಂತೆ!"

ಅಮ್ಮನ ಮುಖ ಬಾಡಿತು. "ನೋವು ಇಳೀಲಿ ಅಂದೆ ಮಗಳೇ. ಅಜ್ಜಿ ಅಲ್ಲ."

ಅಷ್ಟರಲ್ಲಿ ಹಿಂದೆಯೇ ಬಂದಿದ್ದ ಡಾಕ್ಟರ್ ಹಣೆ ಬಡಿದುಕೊಂಡರು. "ಅಯ್ಯೋ, ನನ್ನ ಈ ವಿಯೆನ್ನಾ ತಲೆ! ಅಲ್ಲಿ ಹೀಗೆ ಆಡಿಸಿದ್ರೆ 'ಇಲ್ಲ' ಅಂತ ಪುಟ್ಟಿ. ಇಲ್ಲ, ಅಳಿಸಲ್ಲ ಅಂತ ಹೇಳ್ದೆ. ಮೊನ್ನೆ ಬೇಕರೀಲೂ ಇದೇ ಕತೆ. ಇನ್ನೂ ಬೇಕಾ ಅಂದ ಅಂಗಡಿಯವನು, ಬೇಡ ಅಂತ ತಲೆ ಆಡಿಸ್ದೆ. ಅವನು ಇನ್ನಷ್ಟು ಬನಿತ್ಸಾ ಕಟ್ಟಿಕೊಟ್ಟ. ಮನೇಲಿ ಎಲ್ಲರೂ ರಾತ್ರಿವರೆಗೂ ಚೀಸಿನ ಬನಿತ್ಸಾನೇ ತಿಂದ್ವಿ."

ಬಿಲ್ಯಾನಾಳಿಗೆ ನಗು ಬಂತು. ನಗಬಾರದೆಂದು ತುಟಿ ಕಚ್ಚಿಕೊಂಡಳು. "ಹಾಗಾದ್ರೆ ನಿಮಗೆ ಅಳಿಸೋಕೆ ಬರಲ್ವಾ?"

"ಬರಲ್ಲ. ಬರೋ ಹಾಗಿದ್ರೆ ಮೊದಲು ನನ್ನ ತಲೆಯಿಂದಲೇ ಏನೇನೋ ಅಳಿಸ್ಕೊಳ್ತಿದ್ದೆ."

"ಹಿಪ್ನಾಟೈಸ್ ಅಂದ್ರೆ ನಿದ್ದೆನಾ?"

"ಅಲ್ಲ. ಪುಸ್ತಕ ಓದ್ತಾ ಕೂತಾಗ ಅಮ್ಮ ಊಟಕ್ಕೆ ಕರೆದಿದ್ದು ಕೇಳಿಸಲ್ಲ ಅಲ್ವಾ?"

"ಇವಳಿಗೆ ಯಾವತ್ತೂ ಕೇಳಿಸಲ್ಲ," ಎಂದಳು ಅಮ್ಮ.

"ಅದೇ ಥರ. ಮನಸ್ಸು ಒಂದು ಕಡೆ ಗಟ್ಟಿಯಾಗಿ ನಿಲ್ಲುತ್ತೆ, ಮೈ ಸಡಿಲ ಆಗುತ್ತೆ. ಅಷ್ಟೇ."

"ಟೀವೀಲಿ ಕೋಳಿ ಥರ ಕೂಗ್ತಾರಲ್ಲ?"

"ಸ್ಟೇಜ್ ಮೇಲೆ ಹೋಗೋರಿಗೆ ಕೂಗೋಕೆ ಆಸೆ ಇರುತ್ತೆ. ನಿನಗಿದ್ಯಾ?"

"ಇಲ್ಲ!"

"ಮತ್ತೆ ಯಾಕೆ ಕೂಗ್ತೀಯ? ಒಂದು ಕೆಲಸ ಮಾಡು. ನಾನು ಹೇಳಿದ್ರಲ್ಲಿ ನಿನಗೆ ಬೇಡ ಅನ್ನಿಸಿದ್ದನ್ನ ಮಾಡಬೇಡ. ಆಗ ಏನಾಗುತ್ತೋ ನೋಡು."

"ಎಚ್ಚರ ಆಗದೇ ಹೋದ್ರೆ?"

"ನಾನು ಎದ್ದು ಮನೆಗೆ ಹೋದ್ರೂ ಸ್ವಲ್ಪ ಹೊತ್ತಿಗೆ ನೀನೇ ಕಣ್ಣು ಬಿಟ್ಟು, ಈ ಮುದುಕಿ ಎಲ್ಲಿ ಹೋದ್ಲು ಅಂತ ಹುಡುಕ್ತೀಯ."

ಕೋಣೆಯಲ್ಲಿ ತೂಗಾಡುವ ವಸ್ತು ಯಾವುದೂ ಇರಲಿಲ್ಲ. ಬಿಲ್ಯಾನಾ ಕುರ್ಚಿಗೆ ಒರಗಿ ತನ್ನದೇ ಹೆಬ್ಬೆರಳಿನ ಉಗುರನ್ನು ನೋಡಿದಳು. ಡಾಕ್ಟರ್ ಮೆಲ್ಲಗೆ ಮಾತಾಡುತ್ತಿದ್ದರು. ಉಸಿರು ಬಿಡುವಾಗಲೆಲ್ಲ ಹೆಗಲು ಹಗುರವಾಯಿತು. ಯಾವಾಗಲೋ ಕಣ್ಣು ಮುಚ್ಚಿತು. ಬೀದಿಯಲ್ಲಿ ಟ್ರಾಲಿ ಬಸ್ಸು ಹೋದದ್ದು ಕೇಳಿಸಿತು. ಅಮ್ಮ ಮೂಗು ಎಳೆದುಕೊಂಡದ್ದೂ ಕೇಳಿಸಿತು. ಕೇಳಿಸುತ್ತಿದೆಯಲ್ಲ, ಎಂದುಕೊಂಡಳು.

"ನಿನಗೆ ಇಷ್ಟವಾದ ಜಾಗಕ್ಕೆ ಹೋಗು. ಯಾವುದು ಅಂತ ನನಗೆ ಹೇಳಬೇಕಾಗಿಲ್ಲ."

ಹೊಗೆಯ ವಾಸನೆ ಬಂತು. ಅಜ್ಜಿಯ ಅಂಗಳ. ಶರತ್ಕಾಲ. ದಪ್ಪ ಕೆಂಪು ಮೆಣಸಿನಕಾಯಿಗಳನ್ನು ಸುಟ್ಟು ಬೋಗುಣಿಯಲ್ಲಿ ರಾಶಿ ಹಾಕಿದೆ. ಅಜ್ಜಿ ಗಿಡ್ಡ ಸ್ಟೂಲಿನ ಮೇಲೆ ಕುಳಿತು ಕರಿ ಸಿಪ್ಪೆ ಸುಲಿಯುತ್ತಿದ್ದಾಳೆ. ಬೆನ್ನು ಈಚೆ ಕಡೆಗಿದೆ.

"ಹೊಟ್ಟೆ ಮೇಲೆ ಕೈ ಇಟ್ಟುಕೋ. ಕೈ ಬೆಚ್ಚಗಿದೆ. ಆ ಬಿಸಿ ನಿಧಾನಕ್ಕೆ ಒಳಗೆ ಇಳೀಲಿ."

ಇಳಿಯಿತು. ಹಿಂಡಿದ ಬಟ್ಟೆ ಸ್ವಲ್ಪ ಬಿಚ್ಚಿಕೊಂಡಿತು.

"ಈಗ ಆ ಜಾಗ ಬಿಟ್ಟು ನಿಧಾನವಾಗಿ ಈ ಕಡೆ ಬಾ."

ಬರಲ್ಲ, ಎಂದುಕೊಂಡಳು ಬಿಲ್ಯಾನಾ. ಅಜ್ಜಿ ಇನ್ನೂ ತಿರುಗಿ ನೋಡಿಲ್ಲ. ಕಣ್ಣು ಮುಚ್ಚಿಕೊಂಡೇ ಅವಳು ಗದ್ದ ಮೇಲೆತ್ತಿದಳು.

ಈ ಸಲ ತಪ್ಪಾಗಲಿಲ್ಲ; ಅದು 'ಇಲ್ಲ' ಎಂದು ಡಾಕ್ಟರಿಗೆ ಅರ್ಥವಾಯಿತು. "ಆಗ್ಲಿ. ಬೇಕಾದಷ್ಟು ಹೊತ್ತು ಇರು."

ಅಂಗಳದಲ್ಲಿ ಅಜ್ಜಿಯ ಬೆರಳಿಗೆ ಬಿಸಿ ತಗುಲಿತು. 'ಉಫ್' ಎಂದು ಆ ಬೆರಳಿನಿಂದ ಕಿವಿಯ ತುದಿ ಹಿಡಿದುಕೊಂಡು ತಿರುಗಿದಳು. ಕೆನ್ನೆಯ ಮೇಲೆ ಮಸಿ. ತನ್ನ ಪೆದ್ದುತನಕ್ಕೆ ತಾನೇ ನಗುತ್ತಿದ್ದಳು.

ಬಿಲ್ಯಾನಾ ನೋಡಿದಳು, ಸಾಕೆನಿಸುವಷ್ಟು ನೋಡಿದಳು. ಆಮೇಲೆ ತಾನಾಗಿಯೇ ಕಣ್ಣು ಬಿಟ್ಟಳು.

"ಒಂದೇ ದಿನಕ್ಕೆ ನೋವೆಲ್ಲ ಹೋಗಲ್ಲ," ಎಂದರು ಡಾಕ್ಟರ್. "ಕೈ ಇಟ್ಕೊಳ್ಳೋದನ್ನ ಮನೇಲಿ ದಿನಾ ಮಾಡ್ಬೇಕು. ನಾನಿಲ್ಲದಿದ್ರೂ ಆಗುತ್ತೆ, ಯಾಕಂದ್ರೆ ಮಾಡಿದ್ದು ನೀನೇ."

ಮನೆಗೆ ಹೋಗುವ ದಾರಿಯಲ್ಲಿ ಇಬ್ಬರೂ ಚರ್ಚಿಗೆ ಹೋದರು. ಬದುಕಿರುವವರ ಹೆಸರಿನ ಮೇಣದಬತ್ತಿಗಳು ಮೇಲಿನ ತಟ್ಟೆಯಲ್ಲಿ ಉರಿಯುತ್ತಿದ್ದವು. ತೀರಿಕೊಂಡವರದನ್ನು ಕೆಳಗೆ, ಮರಳಿನಲ್ಲಿ ಊರಬೇಕು. ಅಮ್ಮ ಬಗ್ಗಿ ಒಂದನ್ನು ಊರಿ ಶಿಲುಬೆಯ ಗುರುತು ಮಾಡಿಕೊಂಡಳು.

"ಅಮ್ಮ," ಬಿಲ್ಯಾನಾ ಪಿಸುಗುಟ್ಟಿದಳು. "ಮೆಣಸಿನಕಾಯಿ ಸುಲಿಯುವಾಗ ಕೈ ಸುಟ್ರೆ ಅಜ್ಜಿ ಕಿವಿ ಹಿಡ್ಕೊಳ್ತಿದ್ರಲ್ಲ, ಜ್ಞಾಪಕ ಇದ್ಯಾ?"

ಅಮ್ಮ ಬಗ್ಗಿದವಳು ಹಾಗೇ ಇದ್ದಳು.

"ಹಿಡ್ಕೊಳ್ತಿದ್ಲು," ಎಂದಳು. "ನಾನು ಮರೆತೇಬಿಟ್ಟಿದ್ದೆ ನೋಡು. ಯಾವ ಕಿವಿ?"

ಬಿಲ್ಯಾನಾ ಯೋಚಿಸಬೇಕಾಗಲಿಲ್ಲ.

"ಎಡಗಿವಿ," ಎಂದು ಅಮ್ಮನ ಪಕ್ಕ ಕುಳಿತು, ತಾನೂ ಒಂದು ಬತ್ತಿ ಹಚ್ಚಿದಳು.