ದೇವಕನ್ನಿಕೆಯರಿಲ್ಲದ ವೀರಗಲ್ಲು

ಕೇತಾಪುರದ ಮೂಡಣ ಬಾಗಿಲಲ್ಲಿ ಅಂದು ಬೆಳಗಿನಿಂದಲೇ ನೆಮ್ಮದಿಯಿರಲಿಲ್ಲ. ತೋರಣಗಳು ಗಾಳಿಗೆ ಹರಿಯುತ್ತಿದ್ದವು, ಪಟ್ಟದಾನೆ ಕಾರಣವಿಲ್ಲದೆ ಸರಪಳಿ ಜಗ್ಗುತ್ತಿತ್ತು, ಕಹಳೆಯವರು ಅಪ್ಪಣೆಗೆ ಮೊದಲೇ ಊದಿ ಬೈಸಿಕೊಂಡಿದ್ದರು. ಗಡಿಯ ಕಾಳಗದಲ್ಲಿ ಮಡಿದನೆಂದು ಸಾರಲಾಗಿದ್ದ ದಂಡನಾಯಕ ಸಾತಯ್ಯನ ವೀರಗಲ್ಲನ್ನು ಮಹಾರಾಜ ನನ್ನಿದೇವನು ಅನಾವರಣಗೊಳಿಸಿ, ಅಲ್ಲಿಯೇ ಸೇನಾಮುದ್ರೆಯ ಉಂಗುರವನ್ನು ಮಹಾಪ್ರಧಾನ ಕಾವರಸನ ಅಳಿಯನಿಗೆ ತೊಡಿಸುವವನಿದ್ದನು.

ಪರದೆ ಸರಿಯಿತು. ಜನ ಗುಜುಗುಜು ಎಂದರು.

ಇಂಥ ಕಲ್ಲಿಗೆ ಮೂರು ಅಂಕಣಗಳಿರುತ್ತವೆ. ಕೆಳಗೆ ವೀರನ ಕಾಳಗ. ನಡುವೆ ಅವನನ್ನು ಹೊತ್ತೊಯ್ಯುವ ದೇವಕನ್ನಿಕೆಯರು. ಮೇಲೆ, ಕೈಲಾಸದಲ್ಲಿ ಶಿವಲಿಂಗದೆದುರು ಕೈಮುಗಿದು ಕುಳಿತ ಅದೇ ವೀರ. ಆದ್ದರಿಂದ ಕಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ನಡುವಿನ ಅಂಕಣವೆಂದರೆ ಮರಣವೆಂದೇ ಅರ್ಥ. ಈ ಕಲ್ಲಿನಲ್ಲಿ ನಡುವೆ ಏನೂ ಇರಲಿಲ್ಲ. ಮೇಲೆ ಲಿಂಗವೊಂದೇ ಇತ್ತು, ವೀರನಿರಲಿಲ್ಲ.

"ಏನಿದು ಓಜರೇ, ನಿಮ್ಮ ರಂಭೆ ಊರ್ವಶಿಯರು ದಾರಿ ತಪ್ಪಿದರೋ?" ಎಂದು ಕಾವರಸನು ನಕ್ಕನು.

"ಅವರಿನ್ನೂ ಬಂದಿಲ್ಲ, ಮಹಾಪ್ರಧಾನರೇ. ಬಾರದವರನ್ನು ಹೇಗೆ ಕಡೆಯಲಿ?" ಎಂದನು ವೃದ್ಧ ಶಿಲ್ಪಿ ದೇಕೋಜ.

"ಮುಪ್ಪು, ಮಹಾಪ್ರಭು! ಕಣ್ಣೂ ಮಂಜು, ಬುದ್ಧಿಯೂ ಮಂಜು. ಮುಹೂರ್ತ ಮೀರುತ್ತಿದೆ, ಉಂಗುರ ದಯಪಾಲಿಸಬೇಕು," ಎಂದು ಕಾವರಸನು ಅರಸನತ್ತ ತಿರುಗಿದನು.

ದೇಕೋಜನು ಅರಸನ ಕೈಯಲ್ಲಿದ್ದ ಉಂಗುರವನ್ನೇ ನೋಡಿದನು. ತಿಂಗಳ ಹಿಂದೆ ಕಿರುಮಲೆಯ ಕೋಟೆಯಲ್ಲಿ ಸೆರೆಮನೆಯ ಜಾರಿದ ಕಲ್ಲೊಂದನ್ನು ಸರಿಪಡಿಸಲು ಹೋಗಿದ್ದಾಗ, ಅವನು ಒಳಗೆ ಸಂಕೋಲೆಯಲ್ಲಿದ್ದ ಸಾತಯ್ಯನನ್ನು ಕಂಡಿದ್ದನು. ಅಳಿಯನಿಗೆ ಸೇನೆ ದಕ್ಕಲೆಂದು ಕಾವರಸನೇ ಅವನನ್ನು ಗುಟ್ಟಾಗಿ ಹಿಡಿಸಿದ್ದನು. ದೇಕೋಜನು ಕಂಡನೆಂದು ತಿಳಿದೊಡನೆ, ಬಾಯಿಬಿಟ್ಟರೆ ಜನ್ಮದಲ್ಲಿ ಉಳಿ ಮುಟ್ಟುವುದಿಲ್ಲವೆಂದು ಶಿಲ್ಪಿಯಿಂದ ಕುಲದೇವತೆ ಕಾಳಿಕಾಂಬೆಯ ಮೇಲೆ ಆಣೆ ಮಾಡಿಸಿಕೊಂಡಿದ್ದನು. ಹಾಗಾಗಿ ದೇಕೋಜನು ಹೇಳಬೇಕಾದುದನ್ನು ಕಲ್ಲಿಗೆ ಬಿಟ್ಟಿದ್ದನು. ಆದರೆ ಯಾರೂ ಅದನ್ನು ಓದುತ್ತಿಲ್ಲ! ಉಂಗುರ ಅಳಿಯನ ಬೆರಳೇರಿದರೆ ಸೇನೆ ಕಾವರಸನ ಕೈಗೆ ಬರುತ್ತದೆ, ಆಮೇಲೆ ಸಾತಯ್ಯನನ್ನು ಕೊಂದರೂ ಕೇಳುವವರಾರು?

ಅರಸನು ಅತ್ತಿತ್ತ ನಡೆಯುತ್ತ, ಉಂಗುರವನ್ನು ಬೆರಳ ತುದಿಯಲ್ಲಿ ತಿರುಗಿಸುತ್ತ, ಮತ್ತೆ ಕಲ್ಲನ್ನು ನೋಡಿದನು.

"ದೇಕೋಜ, ಒಗಟು ಸಾಕು. ಬಾಯಿಬಿಟ್ಟು ಹೇಳು."

ಶಿಲ್ಪಿ ಸೊಂಟದಿಂದ ಉಳಿಯನ್ನು ತೆಗೆದನು. ಐವತ್ತು ವರ್ಷ ಹಿಡಿದು ಹಿಡಿದು ಅದರ ಹಿಡಿಯ ಭಾಗ ಸವೆದು ನುಣುಪಾಗಿತ್ತು. ಅದನ್ನು ನೆಲದ ಮೇಲಿಟ್ಟನು.

"ದಂಡನಾಯಕರು ಬದುಕಿದ್ದಾರೆ, ಪ್ರಭು. ಕಿರುಮಲೆಯ ಸೆರೆಯಲ್ಲಿದ್ದಾರೆ. ಇಟ್ಟವರು ಮಹಾಪ್ರಧಾನರು. ಇದನ್ನು ಹೇಳಿದರೆ ಮತ್ತೆ ಉಳಿ ಮುಟ್ಟೆನೆಂದು ತಾಯಿ ಕಾಳಿಕಾಂಬೆಯ ಮೇಲೆ ನನ್ನಿಂದ ಆಣೆ ಮಾಡಿಸಿದವರೂ ಅವರೇ."

"ಸುಳ್ಳು!" ಎಂದು ಕಾವರಸನು ಅರಚಿದನು.

"ಸುಳ್ಳಾದರೆ ನನ್ನ ತಲೆ ಇಲ್ಲಿದೆ. ನಿಜವಾದುದರಿಂದಲೇ ನನ್ನ ಉಳಿ ಕೆಳಗಿದೆ."

ನನ್ನಿದೇವನು ಉಂಗುರವನ್ನು ತನ್ನ ಬೆರಳಿಗೇ ತೊಟ್ಟು, ಕಾವರಸನ ಸುತ್ತ ಕಾವಲಿರಿಸಿ, ರಾವುತರನ್ನು ಕಿರುಮಲೆಗೆ ಅಟ್ಟಿದನು.

ಮರುದಿನ ನಡುಹಗಲಿಗೆ ಅವರು ಮರಳಿದರು. ನಡುವಿನ ಕುದುರೆಯ ಮೇಲೆ, ಮೂಳೆಚಕ್ಕಳವಾಗಿ, ಸಾತಯ್ಯನಿದ್ದನು.

ಅರಸನು ದೇಕೋಜನತ್ತ ತಿರುಗಿದನು. "ಓಜರೇ, ನಿಮ್ಮನ್ನು ಆ ಆಣೆಯಿಂದ ಬಿಡಿಸಿದ್ದೇನೆ. ಉಳಿ ಎತ್ತಿಕೊಳ್ಳಿ."

"ಮಾತು ಕೊಟ್ಟದ್ದು ತಾಯಿಗೆ, ಪ್ರಭು. ಅರಸರು ಬಿಡಿಸುವಂತಿಲ್ಲ."

ಹೀಗೆಂದು ದೇಕೋಜನು ಮುಂದೆ ನಡೆದು, ಇನ್ನೇನೂ ಕೆಲಸವಿಲ್ಲದ ಎರಡು ಕೈಗಳನ್ನೂ ಚಾಚಿ, ದಂಡನಾಯಕನನ್ನು ಕುದುರೆಯಿಂದ ಇಳಿಸಿಕೊಂಡನು.