ಮುನ್ನೂರ ಹತ್ತು ವೋಲ್ಟ್

ಕಾರ್ನಿವಲ್ ಮುಗಿದ ಗುರುವಾರ ಬೆಳಿಗ್ಗೆ ಎಂಟಕ್ಕೆ ಗಣಿಯೂರಿನ ಠಾಣೆಗೆ ದೂರು ಬಂತು. ಹಿಂದಿನ ಸಂಜೆ, ಕಾರ್ಮಿಕರನ್ನು ಮೇಲೆತ್ತುವ ಪಂಜರ ಸುರಂಗದೊಳಕ್ಕೆ ಜಾರಿ ಬಿದ್ದು ಅದರೊಳಗಿದ್ದ ಕಾರ್ಮಿಕ ಎಮೆತೆರಿಯೊ ಸತ್ತಿದ್ದ. ದೂರು ಕೊಟ್ಟವಳು ಅವನ ಹೆಂಡತಿ.

ಎಫ್‌ಐಆರ್ ದಾಖಲಿಸಿಕೊಂಡು ಇನ್ಸ್‌ಪೆಕ್ಟರ್ ನಿಲ್ಡಾ ಚುರಾ ಕಾನ್‌ಸ್ಟೇಬಲ್ ಬೆಲ್ಟ್ರಾನ್ ಜತೆ ಗಣಿಗೆ ಹೋದಾಗ, ಎಲೆಕ್ಟ್ರಿಷಿಯನ್ ಸೆಫೆರಿನೊನನ್ನು ಜನ ಕಂಬಕ್ಕೆ ಕಟ್ಟಿಹಾಕಿದ್ದರು.

"ಬಿಚ್ಚಿ ಅವನನ್ನ."

"ಯಂತ್ರಕ್ಕೆ ಪೂಜೆ ಅಂದ್ರೆ ಮೂಗು ಮುರಿಯೋ ಹೊರಗಿನವನು, ಕೋಚಬಂಬಾ ಪೇಟೆಯವನು, ಮೇಡಂ. ಕೆಡಿಸಿದ್ದು ಇವನೇ. ಮಧ್ಯಾಹ್ನದೊಳಗೆ ನೀವು ತೀರ್ಮಾನ ಮಾಡಿ. ಇಲ್ಲಾಂದ್ರೆ ನಾವು ಮಾಡ್ತೀವಿ."

ಹೇಳಿದವನ ಕೈಯಲ್ಲಿ ಡೈನಮೈಟ್ ಕಡ್ಡಿಯಿತ್ತು.

ಕಟ್ಟು ಬಿಚ್ಚಿಸಿಕೊಂಡು ಬಂದ ಸೆಫೆರಿನೊ ಯಂತ್ರದ ಕೋಣೆಯಲ್ಲಿ, ಪಂಜರದ ಮೋಟಾರು ನಡೆಸುವ ಡ್ರೈವ್ ಪೆಟ್ಟಿಗೆಗೆ ಕೈ ಹಾಕಿದ. "ತಡಿ," ಎಂದಳು ನಿಲ್ಡಾ.

ಕಾರ್ನಿವಲ್‌ನ ಮಂಗಳವಾರ ಯಂತ್ರಕ್ಕೆ ಪೂಜೆ ಮಾಡಿದಾಗ ಪೆಟ್ಟಿಗೆಗೆ ಸುತ್ತಿದ್ದ ಬಣ್ಣದ ಕಾಗದದ ಪಟ್ಟಿಗಳು ಹರಿದಿರಲಿಲ್ಲ. ಆದರೆ ಮಡಿಕೆಗಳು ಹಳೆಯ ಗೆರೆ ಬಿಟ್ಟು ಬೇರೆ ಕಡೆ ಬಿದ್ದಿದ್ದವು. ಯಾರೋ ಮೆಲ್ಲಗೆ ಬಿಚ್ಚಿ ಮತ್ತೆ ಸುತ್ತಿದ್ದರು. ಕೆಳಗೆ ಪೂಜೆಗಿಟ್ಟು ಒಣಗಿದ ಕೋಕಾ ಎಲೆಗಳ ಮೇಲೆ ಮೂರು ಎಲೆ ಇನ್ನೂ ಹಸಿರಾಗಿದ್ದವು. ಬೆಲ್ಟ್ರಾನ್ ಅದನ್ನು ಪಂಚನಾಮೆಗೆ ಸೇರಿಸಿದ.

ಪೆಟ್ಟಿಗೆ ತೆರೆದರು. ಪರದೆಯಲ್ಲಿ ಒಳಬರುವ ವೋಲ್ಟೇಜಿನ ಸೆಟ್ಟಿಂಗ್ ೩೧೦ ಎಂದಿತ್ತು.

"ನಾನಿಟ್ಟಿದ್ದು ಮುನ್ನೂರ ಎಂಬತ್ತು!" ಸೆಫೆರಿನೊ ಪರದೆಯ ಮೇಲೆ ಬೆರಳಿಟ್ಟ. "ಕರೆಂಟು ಕುಗ್ಗಿದ್ರೆ ಡ್ರೈವ್ ನಿಲ್ಬೇಕು, ಬ್ರೇಕ್ ಹಿಡ್ಕೋಬೇಕು. ಮುನ್ನೂರ ಹತ್ತು ಅಂದ್ಬಿಟ್ರೆ ಕುಗ್ಗಿದ್ದು ಅದಕ್ಕೆ ಗೊತ್ತೇ ಆಗಲ್ಲ. ತಾಕತ್ತಿಲ್ದೆ ಎಳೀತಾ ಇರುತ್ತೆ. ಭಾರ ಹಿಂದಕ್ಕೆ ಜಾರುತ್ತೆ."

"ಕೋಣೆ ಬೀಗದಕೈ?"

"ನನ್ನ ಹತ್ರ ಒಂದು. ಪಂಜರ ಓಡಿಸೋ ಲಿಬೊರಿಯೊ ಹತ್ರ ಒಂದು."

"ಈ ಕಾಗದ ಸುತ್ತಿರೋ ಬಾಗಿಲನ್ನ ನೀನು ಹೇಗೆ ತೆಗೀತಿದ್ದೆ?"

"ಹರಿದು ಬಿಸಾಕ್ತಿದ್ದೆ. ನಮ್ಮ ಚರ್ಚಲ್ಲಿ ಇದೆಲ್ಲ ಇಲ್ಲ, ಮೇಡಂ."

ಲಿಬೊರಿಯೊ ಹೊರಗೆ ಗುಂಪಿನ ಅಂಚಿನಲ್ಲಿ ಕುಳಿತಿದ್ದ. ನಿಲ್ಡಾ ಪಕ್ಕದಲ್ಲೇ ಕುಳಿತಳು.

"ಹಸಿರೆಲೆ ಇಟ್ಟವನು ನೀನಾ?"

ಅವನು ದವಡೆಯಲ್ಲಿ ಅಗಿಯುತ್ತಿದ್ದ ಕೋಕಾ ಎಲೆಯ ಉಂಡೆಯನ್ನು ಆ ಕಡೆಯಿಂದ ಈ ಕಡೆಗೆ ಸರಿಸಿದ.

"ಪೂಜೆ ಆದ್ಮೇಲೆ ಬಾಗಿಲು ತೆಗೀಬೇಕಾದ್ರೆ ಕೇಳ್ಕೋಬೇಕಲ್ಲ, ಮೇಡಂ."

"ಏನು ಕೇಳ್ಕೊಂಡೆ?"

"ನಿಲ್ಬೇಡ ಅಂತ."

ಹನ್ನೊಂದೂವರೆಗೆ ಅವನನ್ನು ಬಂಧಿಸಿದರು. ಡೈನಮೈಟ್ ಹಿಡಿದವನು ಜೀಪಿಗೆ ದಾರಿ ಬಿಟ್ಟ. ಸೆಫೆರಿನೊನ ಕಡೆ ಯಾರೂ ನೋಡಲಿಲ್ಲ.

ಹೋದ ಆಗಸ್ಟಿನಲ್ಲಿ ಕರೆಂಟು ಕುಗ್ಗಿ ಡ್ರೈವ್ ನಿಂತು, ಪಂಜರ ನಡುದಾರಿಯಲ್ಲಿ ನೇತುಬಿದ್ದಿತ್ತು. ಕೆಳಗೆ ಬಂಡೆ ಸಿಡಿಸಿದ ಹೊಗೆ ಮೇಲೇರಿತು. ಒಳಗಿದ್ದವನು ಲಿಬೊರಿಯೊನ ತಮ್ಮ. ಅವನು ಕಬ್ಬಿಣ ಬಡಿಯುವುದು ನಿಲ್ಲುವವರೆಗೂ ಲಿಬೊರಿಯೊ ಸನ್ನೆಗೋಲು ಹಿಡಿದೇ ಇದ್ದನಂತೆ.

ಸೋಮವಾರ ಕೆಲಸ ಶುರುವಾಯಿತು. ಡ್ರೈವ್ ಮುನ್ನೂರ ಎಂಬತ್ತಕ್ಕೆ ಮರಳಿತ್ತು. ಸಂಜೆ ಪಂಜರ ಒಮ್ಮೆ ನಡುದಾರಿಯಲ್ಲಿ ನಿಂತಿತು. ಒಳಗಿದ್ದವರು ಯಾರೂ ಬಯ್ಯಲಿಲ್ಲ.