ಕೊನೆಯ ಚಿತ್ರದ ಹುಲ್ಲು

ಕಳ್ಳನಾದವನು ಹತ್ತು ಒಳ್ಳೆಯ ಚಿತ್ರಗಳನ್ನು ಬಿಟ್ಟು, ಪೂರ್ತಿಯಾಗದ ಒಂದನ್ನೇ ಏಕೆ ಒಯ್ಯುತ್ತಾನೆ? ಬೀಗ ಒಡೆದಿಲ್ಲ. ಕಿಟಕಿ ಮುಚ್ಚಿದೆ. ಇದು ಕಳವೇ ಅಲ್ಲವೋ? — ವಿಮಾ ಕಂಪನಿಯ ತನಿಖೆಗಾರ ಅಶ್ವತ್ಥನಾರಾಯಣ ಗೋಡೆಯ ಖಾಲಿ ಜಾಗವನ್ನೇ ನೋಡುತ್ತ ನಿಂತಿದ್ದರು.

ಅಮೆರಿಕದ ಇಸ್ಸಾಕ್ವಾ ಊರಿನ ಆ ಮನೆ ಆಸ್ಟ್ರಿಯಾದ ಚಿತ್ರಕಾರ ಆಂಟನ್ ರೈಸಿಂಗರ್‌ನದು. ತನ್ನ ಹುಟ್ಟುನಾಡಾದ ಟಿರೋಲ್‌ನ ಬೆಟ್ಟಗಳನ್ನು ಬಿಟ್ಟುಬಂದು, ನಲವತ್ತು ವರ್ಷ ಅವನ್ನೇ ನೆನಪಿನಿಂದ ಬರೆದವನು. 2007ರ ಮಾರ್ಚಿನಲ್ಲಿ ತೀರಿಕೊಂಡ. ಈ ಶನಿವಾರ ಪ್ರದರ್ಶನ. ಚಿತ್ರಗಳನ್ನು ಪರೀಕ್ಷಿಸಲು ವಿಯೆನ್ನಾದಿಂದ ಒಬ್ಬ ಪರಿಣತ ಬರುವವನಿದ್ದ.

"ಪ್ರಾಣ ಹೋಗುವಾಗ ನನ್ನೊಡನೆ ಒಂದು ಮಾತೂ ಆಡಲಿಲ್ಲ," ಎಂದಳು ಹೆಂಡತಿ ರೂತ್. ಅಮೆರಿಕದವಳು, ಆ ಬೆಟ್ಟಗಳನ್ನು ಕಂಡವಳಲ್ಲ. "ಅವನ ಕೊನೆಯ ಚಿತ್ರ ಅದು. ಅದೊಂದು ಸಿಗಲಿ."

"ಬೀಗದ ಕೈ ಯಾರ್ಯಾರ ಹತ್ತಿರ ಇದೆ?"

"ನನ್ನ ಹತ್ತಿರ. ಪಕ್ಕದ ಮನೆಯ ಶಿವಬಸಪ್ಪನ ಹತ್ತಿರ. ಭಾನುವಾರ ಚಿತ್ರ ಕಲಿಯಲು ಬರುತ್ತಿದ್ದ."

ಪ್ರದರ್ಶನದ ಆಹ್ವಾನಪತ್ರದ ಮೇಲೆ ಕಳೆದುಹೋದ ಚಿತ್ರವೇ ಅಚ್ಚಾಗಿತ್ತು. ಅಶ್ವತ್ಥನಾರಾಯಣ ಅದನ್ನು ನೋಡಿದರು. ಗೋಡೆಯ ಮೇಲಿನ ಹತ್ತನ್ನೂ ನೋಡಿದರು. ಎಲ್ಲದರಲ್ಲೂ ಹಿಮ, ಇಳಿಜಾರು, ಕೊಯ್ದ ಹುಲ್ಲು. ಪತ್ರವನ್ನು ಜೇಬಿಗಿಟ್ಟು ಪಕ್ಕದ ಮನೆಯ ಗಂಟೆ ಒತ್ತಿದರು.

ಹತ್ತಿರದ ಫ್ಯಾಕ್ಟೋರಿಯಾ ಬಡಾವಣೆಯಲ್ಲಿ ಎಂಜಿನಿಯರ್ ಆಗಿದ್ದ ಶಿವಬಸಪ್ಪ ಬಾಗಿಲು ತೆರೆದ.

"ಬರ್ರಿ ಸರ. ಚಾ ಕುಡೀರಿ."

"ಯಾವೂರು ನಿಮ್ಮದು?"

"ಅಣ್ಣಿಗೇರಿ ಕಡೆ. ನೀವು ಮೈಸೂರಿನವ್ರು ಅಲ್ರಿ? ಮಾತಿನ್ಯಾಗ ಸಕ್ರಿ ಜಾಸ್ತಿ ಐತಿ."

"ಸಕ್ಕರೆ ಆಮೇಲೆ. ಚಿತ್ರ ಎಲ್ಲಿಟ್ಟಿದೀರಿ?"

"ನಾ ಯಾಕ ಒಯ್ಯಲಿ?"

ಅಶ್ವತ್ಥನಾರಾಯಣ ಪತ್ರವನ್ನು ಮೇಜಿನ ಮೇಲಿಟ್ಟರು. "ಆ ಹತ್ತು ಚಿತ್ರದಲ್ಲೂ ಹುಲ್ಲನ್ನ ಕಂಬಕ್ಕೆ ಹೊದಿಸಿದಾರೆ — ಕಂಬಳಿ ಹೊದ್ದು ನಿಂತ ಜನರ ಹಾಗೆ. ಇದರಲ್ಲಿ ಮಾತ್ರ ಬಣವೆ. ಮೇಲೆ ಹಗ್ಗ, ಹಗ್ಗದ ತುದಿಗೆ ಕಲ್ಲು. ಟಿರೋಲ್‌ನಲ್ಲಿ ಯಾರ್ರೀ ಹೀಗೆ ಒಟ್ಟಿದಾರೆ? ಇದು ನಿಮ್ಮ ಕಡೆಯ ಬಣವೆ. ಎಲ್ಲರೂ ಬೆಟ್ಟ ನೋಡಿದ್ರು. ಹುಲ್ಲು ಯಾರೂ ನೋಡ್ಲಿಲ್ಲ. ಇದನ್ನ ಬರೆದದ್ದು ನೀವು. ಪರಿಣತ ಕಂಡುಹಿಡೀತಾನೆ ಅಂತ ಹೆದರಿ ತೆಗೆದವರೂ ನೀವೇ."

ಶಿವಬಸಪ್ಪ ಪತ್ರವನ್ನು ತನ್ನತ್ತ ಎಳೆದುಕೊಂಡ.

"ಎರಡು ವರ್ಷದಿಂದ ಅವರಿಗೆ ಕಣ್ಣ ಕಾಣ್ತಿದ್ದಿಲ್ರಿ. ಅಮ್ಮಾರಿಗೆ ಹೇಳಬ್ಯಾಡ ಅಂದಿದ್ರು. ಅವರು ಹೇಳ್ತಿದ್ರು, ನಾ ಬರೀತಿದ್ದೆ. 'ಹುಲ್ಲ ಹಾಕು' ಅಂದ್ರು. ನನ್ನ ಕೈಗೆ ಗೊತ್ತಿದ್ದದ್ದು ನಮ್ಮೂರಿನ ಹುಲ್ಲ."

ಅಟ್ಟದಿಂದ ಚಿತ್ರ ಇಳಿಸಿ, ಅಶ್ವತ್ಥನಾರಾಯಣರ ಜೊತೆ ತಾನೇ ಹೊತ್ತು ತಂದು ರೂತ್‌ಳ ಮುಂದಿಟ್ಟ. ನಡೆದದ್ದನ್ನೆಲ್ಲ ಹೇಳಿದ. ಅವಳಿಗೆ ಆಶ್ಚರ್ಯವಾಗಲಿಲ್ಲ.

"ನನಗೆ ಗೊತ್ತಿತ್ತು. ಅವನು ಎಡವಬಾರದೆಂದು ಎರಡು ವರ್ಷ ಈ ಮನೆಯಲ್ಲಿ ಒಂದು ಕುರ್ಚಿಯನ್ನೂ ಸರಿಸಲಿಲ್ಲ."

ಅವಳ ಬೆರಳು ಬಣವೆಯ ಮೇಲೆ ನಿಂತಿತು.

"ಇದನ್ನು ಯಾರಿಗೆಂದು ಬರೆಸಿದ?"

"ನಿಮಗೆ," ಎಂದ ಶಿವಬಸಪ್ಪ.

ಅವಳು ಮೊದಲ ಸಲ ಅತ್ತಳು. ಅಶ್ವತ್ಥನಾರಾಯಣ ಅವನ ಮುಖ ನೋಡಿದರು, ತನಿಖೆಯ ಕಡತ ಮುಚ್ಚಿದರು.

ಆಂಟನ್ ಹಾಗೆಂದು ಎಂದೂ ಹೇಳಿರಲಿಲ್ಲ.